ಅನುಗ್ರಹವೂ ಶಾಂತಿಯೂ: ಬೆಟ್ಟ ಇಳಿದ ಮೇಲೆ ಬಾಳುವ ಬಗೆ

(ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರದ ಅಧ್ಯಯನ)

ಓದಬೇಕಾದ ಭಾಗ: ಫಿಲೆಮೋನನಿಗೆ ಬರೆದ ಪತ್ರ, ವಚನ 1ರಿಂದ 25. ಜೊತೆಗೆ ಕೊಲೊಸ್ಸೆಯರಿಗೆ ಬರೆದ ಪತ್ರ 4:7-9 ಮತ್ತು ಮತ್ತಾಯ 5:23-24.

ಪೀಠಿಕೆ

ಪುಣ್ಯಕ್ಷೇತ್ರಕ್ಕೆ ಬರುವವರ ಹರಕೆಗಳು ನೂರೆಂಟು. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಆಪರೇಷನ್, ಮತ್ತೊಬ್ಬರಿಗೆ ಕೋರ್ಟು ಕೇಸು, ಸಾಲ. ಆದರೆ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳಲು ಕೂತವರನ್ನು ಮೆಲ್ಲಗೆ ಮಾತಾಡಿಸಿದರೆ ಬಹಳ ಜನರ ಬಾಯಲ್ಲಿ ಬರುವ ಮಾತು ಒಂದೇ: "ಮನೇಲಿ ನೆಮ್ಮದಿ ಇಲ್ಲ. ಅದೊಂದು ಸಿಕ್ಕಿದ್ರೆ ಸಾಕು."

ಬೆಟ್ಟದ ಮೇಲೆ ಮೇಣದ ಬತ್ತಿ ಹಚ್ಚಿ, ಜಪಸರ ಹಿಡಿದು, ಬಲಿಪೂಜೆಯಲ್ಲಿ ಪಾಲ್ಗೊಂಡಾಗ ಮನಸ್ಸು ಹಗುರವಾಗುತ್ತದೆ. ಕೆಳಗಿಳಿದು ಬಸ್ಸು ಹತ್ತಿ ಊರು ಸೇರಿದ ಮರುದಿನವೇ ಹಳೆಯ ಜಗಳ ಬಾಗಿಲಲ್ಲಿ ಕಾದಿರುತ್ತದೆ. ಹಾಗಾದರೆ ಬೆಟ್ಟದಲ್ಲಿ ಸಿಕ್ಕಿದ ಶಾಂತಿ ಎಲ್ಲಿ ಹೋಯಿತು? ದೇವರು ಕೊಡಲಿಲ್ಲವೇ, ಇಲ್ಲಾ ಭಕ್ತ ಅದನ್ನು ಬೆಟ್ಟದಲ್ಲೇ ಬಿಟ್ಟು ಬಂದನೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊಸ ಒಡಂಬಡಿಕೆಯ ಒಂದು ಚಿಕ್ಕ ಪತ್ರ ನೆರವಾಗುತ್ತದೆ. ಅದು ಸಂತ ಪೌಲರು ಫಿಲೆಮೋನ ಎಂಬ ಮನೆಯಜಮಾನನಿಗೆ ಬರೆದ ಪತ್ರ. ಒಂದೇ ಅಧ್ಯಾಯ, 25 ವಚನ. ಓದಿ ಮುಗಿಸಲು ಐದು ನಿಮಿಷ ಸಾಕು. ಬಾಳಿ ತೋರಿಸಲು ಒಂದು ಜನ್ಮ ಬೇಕು.

ವಂದನೆಯ ಎರಡು ಮಾತು

ಹೊಸ ಒಡಂಬಡಿಕೆಯಲ್ಲಿ ಪೌಲರ ಹೆಸರಿನಲ್ಲಿರುವ ಪತ್ರಗಳು 13. ಎಲ್ಲವೂ ಓದುಗರಿಗೆ ಅನುಗ್ರಹವನ್ನೂ ಶಾಂತಿಯನ್ನೂ ಹಾರೈಸುತ್ತಾ ಆರಂಭವಾಗುತ್ತವೆ. ತಿಮೊಥೇಯನಿಗೆ ಬರೆದ ಎರಡು ಪತ್ರಗಳಲ್ಲಿ ಈ ಎರಡರ ನಡುವೆ ಕರುಣೆ ಎಂಬ ಮಾತೂ ಸೇರಿದೆ. ಬಲಿಪೂಜೆಯ ಆರಂಭದಲ್ಲಿ ಗುರುಗಳು ಜನರಿಗೆ ಹೇಳುವ ವಂದನೆಗಳಲ್ಲಿ ಒಂದು ಬಂದದ್ದು ಇಲ್ಲಿಂದಲೇ.

ಆ ಕಾಲದ ಗ್ರೀಕರು ಕಾಗದ ಬರೆಯುವಾಗ ಮೊದಲು 'ಖೈರೆಯಿನ್' ಎಂದು ಬರೆಯುತ್ತಿದ್ದರು. ಸಂತೋಷವಾಗಿರಿ ಎಂಬುದು ಅದರ ಅರ್ಥ. ಪೌಲರು ಆ ಜಾಗದಲ್ಲಿ ಅದೇ ಧ್ವನಿಯ ಇನ್ನೊಂದು ಪದ ಇಟ್ಟರು: 'ಖಾರಿಸ್', ಅಂದರೆ ಅನುಗ್ರಹ, ವರಪ್ರಸಾದ. ಯೋಗ್ಯತೆ ನೋಡದೆ, ಬೆಲೆ ಕೇಳದೆ ದೇವರು ಕೊಡುವ ಕೊಡುಗೆ. ಇದಕ್ಕೆ ಯೆಹೂದ್ಯರ ವಂದನೆಯಾದ 'ಶಾಲೋಮ್' ಸೇರಿಸಿದರು. ಶಾಲೋಮ್ ಎಂದರೆ ಗಲಾಟೆ ಇಲ್ಲದಿರುವುದು ಎಂದಷ್ಟೇ ಅರ್ಥವಲ್ಲ. ಏನೂ ಮುರಿಯದೆ, ಯಾರೂ ಹೊರಗುಳಿಯದೆ, ಮನೆ ತುಂಬಿರುವ ಸ್ಥಿತಿ ಅದು.

ಇವೆರಡರ ಕ್ರಮವನ್ನೂ ಗಮನಿಸಬೇಕು. ಅನುಗ್ರಹ ಮೊದಲು, ಶಾಂತಿ ಆಮೇಲೆ. ಬಹಳ ಮಂದಿ ಶಾಂತಿಯನ್ನು ಮೊದಲು ಕೇಳುತ್ತಾರೆ. "ಅವನು ಮೊದಲು ಸರಿಯಾಗಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಅನುಗ್ರಹದ ಬೇರಿಲ್ಲದ ಕಡೆ ಶಾಂತಿಯ ಕಾಯಿ ಬಿಡುವುದಿಲ್ಲ ಎಂಬುದು ಪೌಲರ ವಂದನೆಯಲ್ಲೇ ಅಡಗಿರುವ ಪಾಠ.

ಪತ್ರದ ಹಿನ್ನೆಲೆ

ಫಿಲೆಮೋನ ಕೊಲೊಸ್ಸೆ ಪಟ್ಟಣದ ಕ್ರೈಸ್ತ. ಆ ಊರು ಇಂದಿನ ಟರ್ಕಿ ದೇಶದಲ್ಲಿತ್ತು. ಅವನು ಅನುಕೂಲಸ್ಥ, ಅವನ ಮನೆಯಲ್ಲೇ ಕ್ರೈಸ್ತರು ಪ್ರಾರ್ಥನೆಗೆ ಸೇರುತ್ತಿದ್ದರು (ವಚನ 2). ಆ ಕಾಲದ ಅನುಕೂಲಸ್ಥರಂತೆ ಅವನ ಮನೆಯಲ್ಲೂ ಗುಲಾಮರಿದ್ದರು. ಅವರಲ್ಲಿ ಒಬ್ಬ ಒನೇಸಿಮ.

ಗುಲಾಮಗಿರಿ ಎಂದರೆ ಏನೆಂದು ಕನ್ನಡ ನಾಡಿನವರಿಗೆ ಬಹಳ ಬಿಡಿಸಿ ಹೇಳಬೇಕಾಗಿಲ್ಲ. 'ಜೀತ' ಎಂಬ ಪದ ಇಲ್ಲಿನ ಹಳ್ಳಿಗಳಿಗೆ ಚೆನ್ನಾಗಿ ಗೊತ್ತು. ಅದನ್ನು ರದ್ದು ಮಾಡಲು ಭಾರತದಲ್ಲಿ 1976ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ರೋಮನ್ನರ ಕಾನೂನಿನಲ್ಲಿ ಗುಲಾಮ ಒಡೆಯನ ಸ್ವತ್ತು. ತಪ್ಪಿಸಿಕೊಂಡು ಹೋಗಿ ಸಿಕ್ಕಿಬಿದ್ದರೆ ಹೊಡೆತ, ಬರೆ, ಇನ್ನೂ ಕಠಿಣ ಶಿಕ್ಷೆ.

ಒನೇಸಿಮ ಒಡೆಯನ ಮನೆ ಬಿಟ್ಟು ಹೋಗಿದ್ದ. ಓಡಿಹೋದ ಎಂದು ಪತ್ರದಲ್ಲಿ ಬಾಯಿಬಿಟ್ಟು ಹೇಳಿಲ್ಲ. ಅಗಲಿದ್ದ ಎಂದಷ್ಟೇ ಇದೆ. ಅವನಿಂದ ಏನಾದರೂ ನಷ್ಟವಾಗಿದ್ದರೆ, ಬಾಕಿ ಇದ್ದರೆ ಎಂಬ ಮಾತು ಬರುವುದರಿಂದ, ಹೋಗುವಾಗ ಏನನ್ನೋ ಕೊಂಡು ಹೋಗಿರಬೇಕು ಎಂದು ಬಹಳ ಕಾಲದಿಂದ ಓದಿಕೊಂಡು ಬಂದಿದ್ದಾರೆ. ಅವನು ಬಂದು ಸೇರಿದ್ದು ಸೆರೆಮನೆಯಲ್ಲಿದ್ದ ಪೌಲರ ಬಳಿ. ಅದು ರೋಮ್ ನಗರ, ಸುಮಾರು ಕ್ರಿ.ಶ. 61-63 ಎಂಬುದು ಹಳೆಯ ಸಂಪ್ರದಾಯ. ಎಫೆಸದ ಸೆರೆಮನೆ ಎನ್ನುವ ವಿದ್ವಾಂಸರೂ ಇದ್ದಾರೆ. ಅಲ್ಲಿ ಅವನು ಕ್ರಿಸ್ತನನ್ನು ನಂಬಿದ. ಮುದುಕರಾಗಿದ್ದ ಪೌಲರಿಗೆ ಮಗನಂತಾದ.

ಈಗ ಅವನನ್ನು ಒಡೆಯನ ಬಳಿಗೆ ಕಳಿಸಬೇಕು. ಕೈಯಲ್ಲಿ ಈ ಪತ್ರ. ಬಾಗಿಲು ತೆರೆಯುವ ಫಿಲೆಮೋನನ ಕೈಯಲ್ಲಿ ಅಪ್ಪುಗೆ ಇರುತ್ತದೋ ಚಾವಟಿ ಇರುತ್ತದೋ ಯಾರಿಗೆ ಗೊತ್ತು? ಅನುಗ್ರಹ, ಶಾಂತಿ ಎಂಬ ವಂದನೆ ಬರೆದದ್ದು ಇಂಥ ಸಂಕಟದ ಹೊತ್ತಿನಲ್ಲಿ.

ಮೊದಲ ಪಾಠ: ಅನುಗ್ರಹ ಬಲವಂತ ಮಾಡುವುದಿಲ್ಲ

ಪೌಲರು ಅಪೊಸ್ತಲರು. "ಹೀಗೆ ಮಾಡು" ಎಂದು ಅಪ್ಪಣೆ ಕೊಡುವ ಅಧಿಕಾರ ಅವರಿಗಿತ್ತು. ಅದನ್ನು ಅವರೇ ಹೇಳುತ್ತಾರೆ (ವಚನ 8). ಆದರೂ ಆ ಅಧಿಕಾರವನ್ನು ಪಕ್ಕಕ್ಕಿಟ್ಟು ಪ್ರೀತಿಯಿಂದ ಬೇಡಿಕೊಳ್ಳುತ್ತಾರೆ. ಒನೇಸಿಮನನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಆಸೆಯಿತ್ತು; ಫಿಲೆಮೋನನ ಒಪ್ಪಿಗೆ ಇಲ್ಲದೆ ಏನೂ ಮಾಡಬಾರದೆಂದು ಬಿಟ್ಟುಕೊಟ್ಟರು. ಒಳ್ಳೆಯದು ಬಲವಂತದಿಂದ ಆಗದೆ ಮನಸಾರೆ ಆಗಬೇಕು ಎಂಬುದು ಅವರ ಕಾರಣ (ವಚನ 14).

ಮನೆಗಳಲ್ಲಿ ರಾಜಿ ಮಾಡಿಸುವವರು ಇಲ್ಲಿ ಎಡವುತ್ತಾರೆ. "ನಾನು ಹಿರಿಯ ಹೇಳ್ತಾ ಇದೀನಿ, ಕೈ ಕುಲುಕು" ಎಂದರೆ ಕೈ ಕೂಡುತ್ತದೆ, ಮನಸ್ಸು ಕೂಡುವುದಿಲ್ಲ. ಹಬ್ಬದ ದಿನ ಮಾತಾಡಿದವರು ಮರುದಿನ ಮತ್ತೆ ಮುಖ ತಿರುಗಿಸುತ್ತಾರೆ. ದೇವರು ಮನುಷ್ಯನ ಕತ್ತು ಹಿಡಿದು ಪಶ್ಚಾತ್ತಾಪ ಪಡಿಸುವುದಿಲ್ಲ. ಕಾಯುತ್ತಾರೆ, ಕರೆಯುತ್ತಾರೆ. ಅನುಗ್ರಹ ಪಡೆದವರು ಇತರರ ಜೊತೆ ನಡೆದುಕೊಳ್ಳಬೇಕಾದದ್ದೂ ಹಾಗೆಯೇ.

ಎರಡನೆಯ ಪಾಠ: ನಷ್ಟ ಯಾರ ಲೆಕ್ಕಕ್ಕೆ?

ಪತ್ರದ ಹೃದಯ 18 ಮತ್ತು 19ನೇ ವಚನಗಳಲ್ಲಿದೆ. ಒನೇಸಿಮನಿಂದ ನಷ್ಟವಾಗಿದ್ದರೆ ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವಂತೆ ಪೌಲರು ಹೇಳುತ್ತಾರೆ. ಬರಿ ಬಾಯಿಮಾತಲ್ಲ, ಸ್ವಂತ ಕೈಬರಹದಲ್ಲಿ ಬರೆದು, ತೀರಿಸುವುದಾಗಿ ಮಾತು ಕೊಡುತ್ತಾರೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಪೌಲರು ಜಾಮೀನು ನಿಂತು ಸಹಿ ಹಾಕಿದರು.

ಜಾಮೀನು ನಿಂತವನ ಕಷ್ಟ ಊರಿಗೆಲ್ಲ ಗೊತ್ತು. ಚೀಟಿ ಎತ್ತಿದವನು ಊರು ಬಿಟ್ಟರೆ ಜಾಮೀನುದಾರನ ಮನೆ ಮುಂದೆ ಜನ ನಿಲ್ಲುತ್ತಾರೆ. ಜ್ಞಾನೋಕ್ತಿಗಳ ಗ್ರಂಥವೂ ಪರರಿಗೆ ಹೊಣೆ ನಿಲ್ಲುವ ಅಪಾಯದ ಬಗ್ಗೆ ಎಚ್ಚರಿಕೆ ಕೊಡುತ್ತದೆ (6:1-5, 11:15). ಆ ಗ್ರಂಥವನ್ನು ಬಲ್ಲ ಪೌಲರು, ಸೆರೆಮನೆಯಲ್ಲಿದ್ದಾಗಲೇ, ಒಬ್ಬ ಗುಲಾಮನಿಗೋಸ್ಕರ ಹೊಣೆ ನಿಂತರು. ಏಕೆಂದರೆ ಅವರ ಸ್ವಂತ ಲೆಕ್ಕವನ್ನು ಯೇಸುಸ್ವಾಮಿ ಶಿಲುಬೆಯ ಮೇಲೆ ತೀರಿಸಿದ್ದರು. ಪಡೆದ ಅನುಗ್ರಹದ ರುಚಿ ಗೊತ್ತಿದ್ದವರಿಗೆ ಕೊಡುವುದು ಕಷ್ಟವಾಗಲಿಲ್ಲ.

ಇಲ್ಲೊಂದು ಸತ್ಯ ತಿಳಿಯುತ್ತದೆ. ತಪ್ಪಾದಾಗ ನಷ್ಟ ಎಂಬುದು ಇದ್ದೇ ಇರುತ್ತದೆ. ಕ್ಷಮಿಸಿದೆ ಎಂದ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಯಾರಾದರೂ ಅದನ್ನು ಹೊರಬೇಕು. ತಪ್ಪು ಮಾಡಿದವನೇ ಹೊತ್ತರೆ ಅದು ನ್ಯಾಯ. ಅವನ ಕೈಲಾಗದಾಗ ಇನ್ನೊಬ್ಬ ಮನಸಾರೆ ಹೊತ್ತರೆ ಅದು ಅನುಗ್ರಹ. ಯಾರೂ ಹೊರದಿದ್ದರೆ ಅದೇ ನಷ್ಟ ಜಗಳವಾಗಿ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಒಂದು ಉದಾಹರಣೆಯಿಂದ ಇದನ್ನು ಅರ್ಥ ಮಾಡಿಕೊಳ್ಳಬಹುದು. ತಾಯಿಯ ಆಸ್ಪತ್ರೆ ಖರ್ಚಿನ ವಿಷಯದಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ನಲವತ್ತು ಸಾವಿರ ಕೊಡಬೇಕಾದ ತಮ್ಮ ಕೊಟ್ಟಿಲ್ಲ, ಬೆಳೆ ಕೈಕೊಟ್ಟಿದೆ. ಅಣ್ಣ ಬಡ್ಡಿಗೆ ತಂದು ಕಟ್ಟಿದ್ದಾನೆ. ತಾಯಿ ಗುಣವಾಗಿ ಮನೆಗೆ ಬಂದಿದ್ದಾಳೆ, ಆದರೆ ಮನೆ ಎರಡಾಗಿದೆ. ಆಗ ಸೋದರಮಾವ ಇಬ್ಬರನ್ನೂ ಕೂರಿಸಿಕೊಂಡು ಹೇಳುತ್ತಾನೆ: "ತಪ್ಪು ಯಾರ್ದು ಅಂತ ನಾ ಕೇಳಲ್ಲ ಕಣ್ರಪ್ಪ. ಆ ನಲವತ್ತು ಸಾವಿರ ನನ್ನ ಲೆಕ್ಕಕ್ಕೆ ಬರ್ಕೊಳ್ಳಿ. ಸುಗ್ಗಿ ಕಳೀಲಿ, ಸ್ವಲ್ಪ ಸ್ವಲ್ಪ ತೀರಿಸ್ತೀನಿ. ಕ್ರಿಸ್ಮಸ್ ದಿನ ಇಬ್ರೂ ಅವ್ವನ ಪಕ್ಕ ಕೂತು ಉಣ್ಣಬೇಕು. ನಾ ನೋಡಕ್ಕೆ ಬರ್ತೀನಿ." ತಮ್ಮನ ಮುಖ ಬಾಡುತ್ತದೆ, ಅಣ್ಣನ ತಲೆ ತಗ್ಗುತ್ತದೆ. ಮಾವನ ಹಣ ತೆಗೆದುಕೊಳ್ಳಲು ಅಣ್ಣನಿಗೂ ಮನಸ್ಸು ಬರುವುದಿಲ್ಲ; ಅವನಿಗೆ ಹೊರಿಸಲು ತಮ್ಮನಿಗೂ ಮನಸ್ಸು ಬರುವುದಿಲ್ಲ. ಒಬ್ಬರ ಅನುಗ್ರಹ ಇಬ್ಬರ ಕಲ್ಲುಮನಸ್ಸನ್ನೂ ಕರಗಿಸುವ ರೀತಿ ಇದು.

ಮೂರನೆಯ ಪಾಠ: ಶಾಂತಿ ಎಂದರೆ ಹೊಸ ಸ್ಥಾನ

ಪೌಲರು ಒನೇಸಿಮನಿಗೆ ಮಾಫಿ ಮಾತ್ರ ಕೇಳಲಿಲ್ಲ. ಇನ್ನು ಮುಂದೆ ಅವನನ್ನು ಗುಲಾಮನೆಂದು ಕಾಣದೆ ಪ್ರಿಯ ಸಹೋದರನೆಂದು ಸ್ವೀಕರಿಸಬೇಕು ಎಂದರು (ವಚನ 16). ಸಾಲದ್ದಕ್ಕೆ, ಪೌಲರೇ ಬಂದರೆ ಹೇಗೆ ಬರಮಾಡಿಕೊಳ್ಳುತ್ತಾನೋ ಹಾಗೆಯೇ ಅವನನ್ನು ಬರಮಾಡಿಕೊಳ್ಳಬೇಕು ಎಂದರು (ವಚನ 17). ಹಿಂದೆ ಹಿತ್ತಲ ಬಾಗಿಲಿಂದ ಬರುತ್ತಿದ್ದವನು ಈಗ ಮುಂಬಾಗಿಲಿಂದ ಬರಬೇಕು.

ಒನೇಸಿಮ ಎಂಬ ಹೆಸರಿಗೆ ಉಪಯುಕ್ತ ಎಂದು ಅರ್ಥ. ಹಿಂದೆ ನಿನಗೆ ಉಪಯೋಗಕ್ಕೆ ಬಾರದವನು ಈಗ ಇಬ್ಬರಿಗೂ ಉಪಯುಕ್ತನಾದ ಎಂದು ಪೌಲರು ಆ ಹೆಸರನ್ನೇ ಹಿಡಿದು ಸಣ್ಣದಾಗಿ ತಮಾಷೆಯನ್ನೂ ಮಾಡುತ್ತಾರೆ (ವಚನ 11). ಕೆಲಸಕ್ಕೆ ಬಾರದವನು ಎಂದು ಮನೆಯವರೇ ಹಣೆಪಟ್ಟಿ ಕಟ್ಟಿದವರನ್ನು ದೇವರ ಅನುಗ್ರಹ ಬೇರೆ ಹೆಸರಿನಿಂದ ಕರೆಯುತ್ತದೆ.

ಪೌಲರು ಗುಲಾಮಗಿರಿಯ ಪದ್ಧತಿಯನ್ನೇ ಕಿತ್ತುಹಾಕಲು ಈ ಪತ್ರದಲ್ಲಿ ಕರೆ ಕೊಡಲಿಲ್ಲ. ನಂತರದ ಶತಮಾನಗಳಲ್ಲಿ ಕ್ರೈಸ್ತರೇ ಗುಲಾಮರನ್ನು ಇಟ್ಟುಕೊಂಡದ್ದೂ ಮಾರಿದ್ದೂ ಉಂಟು. ಇದು ಮುಚ್ಚಿಡಬೇಕಾದ ಸಂಗತಿಯಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಗುಲಾಮಗಿರಿಯನ್ನು ಮನುಷ್ಯನ ಘನತೆಗೆ ಕಳಂಕ ತರುವ ಅಪರಾಧಗಳ ಸಾಲಿನಲ್ಲಿ ಸೇರಿಸಿ ಖಂಡಿಸಿತು. ಆದರೆ ಪೌಲರು ನೆಟ್ಟ ಬೀಜ ಮೊದಲೇ ಇತ್ತು. ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ಅಣ್ಣತಮ್ಮಂದಿರಲ್ಲಿ ಒಬ್ಬ ಇನ್ನೊಬ್ಬನ ಸ್ವತ್ತಾಗಿರಲು ಹೇಗೆ ಸಾಧ್ಯ?

ಈ ಪ್ರಶ್ನೆ ಇಂದಿನ ಕ್ರೈಸ್ತ ಮನೆಗೂ ಬರುತ್ತದೆ. ಮನೆಗೆಲಸದಾಕೆಗೆ ಬೇರೆ ಲೋಟ ಇಟ್ಟಿರುವ ಮನೆಯಲ್ಲಿ, ಗೋಡೆಯ ಮೇಲಿನ ಯೇಸುಸ್ವಾಮಿಯ ಪಟದ ಮುಂದೆ ದಿನವೂ ಶಾಂತಿಗಾಗಿ ಪ್ರಾರ್ಥಿಸಿದರೆ ಏನು ಬಂತು? ತೋಟದ ಆಳಿಗೆ ಕೂಲಿ ತಡಮಾಡಿ, ಹಬ್ಬಕ್ಕೆ ದೊಡ್ಡ ಕಾಣಿಕೆ ಹಾಕಿದರೆ? ಜಾತಿ ನೋಡಿ ಹೆಣ್ಣು ಗಂಡು ಹುಡುಕುವ, ಜಾತಿ ಮೀರಿ ಮದುವೆಯಾದ ಮಗಳನ್ನು "ನಮ್ಮ ಪಾಲಿಗೆ ಸತ್ತಳು" ಎನ್ನುವ ಮನೆಯಲ್ಲಿ? ಪರಮಪ್ರಸಾದಕ್ಕೆ ಒಂದೇ ಸಾಲಿನಲ್ಲಿ ನಿಂತವರು ಹೊರಗೆ ಬಂದ ಮೇಲೆ ಎರಡು ಸಾಲಾದರೆ ಶಾಲೋಮ್ ಪೂರ್ತಿಯಾಗಲಿಲ್ಲ.

ನಾಲ್ಕನೆಯ ಪಾಠ: ಶಾಂತಿಗೆ ಕಾವಲೂ ಬೇಕು

ಪೌಲರು ಒನೇಸಿಮನನ್ನು ಒಬ್ಬಂಟಿಯಾಗಿ ಕಳಿಸಲಿಲ್ಲ. ಕೊಲೊಸ್ಸೆಯರಿಗೆ ಬರೆದ ಪತ್ರದ ಪ್ರಕಾರ ತುಖಿಕ ಎಂಬ ನಂಬಿಕಸ್ಥನ ಜೊತೆ ಕಳಿಸಿದರು (4:7-9). ಪತ್ರವನ್ನು ಫಿಲೆಮೋನನೊಬ್ಬನ ಹೆಸರಿಗೆ ಗುಟ್ಟಾಗಿ ಬರೆಯಲಿಲ್ಲ; ಅಪ್ಫಿಯ, ಅರ್ಖಿಪ್ಪ ಮತ್ತು ಆ ಮನೆಯಲ್ಲಿ ಸೇರುವ ಸಭೆಯನ್ನೂ ಸೇರಿಸಿ ಬರೆದರು. ಎಲ್ಲರಿಗೂ ವಿಷಯ ತಿಳಿಯುತ್ತದೆ. ಕೊನೆಯಲ್ಲಿ, ತಮಗೊಂದು ಕೋಣೆ ಸಿದ್ಧಮಾಡಿಡು, ಬರುವ ಭರವಸೆ ಇದೆ ಎಂದರು (ವಚನ 22). ಅಂದರೆ ಒನೇಸಿಮ ಹೇಗಿದ್ದಾನೆಂದು ಕಣ್ಣಾರೆ ನೋಡಲು ಹಿರಿಯರು ಬರಲಿದ್ದಾರೆ.

ಜೊತೆಗಾರ, ಸಾಕ್ಷಿ, ಮತ್ತೆ ಬಂದು ವಿಚಾರಿಸುವ ಹಿರಿಯ: ದುರ್ಬಲನಿಗೆ ಈ ಮೂರೂ ರಕ್ಷಣೆ ಸಿಕ್ಕಿತು. ಇದನ್ನು ಮರೆತು "ಕ್ರೈಸ್ತಳಾದವಳು ಸಹಿಸ್ಕೋಬೇಕು" ಎಂದು, ಕುಡಿದು ಹೊಡೆಯುವ ಗಂಡನ ಬಳಿಗೆ ಹೆಣ್ಣುಮಗಳನ್ನು ಒಬ್ಬಂಟಿಯಾಗಿ ವಾಪಸ್ಸು ಕಳಿಸುವುದಕ್ಕೆ ಈ ಪತ್ರದಲ್ಲಿ ಯಾವ ಆಧಾರವೂ ಇಲ್ಲ. ಪೆಟ್ಟು ತಿನ್ನುವವರು ಬಾಯಿ ಮುಚ್ಚಿಕೊಂಡಿರುವ ಮನೆ ಶಾಂತವಾಗಿ ಕಾಣಬಹುದು. ಅದು ಭಯ, ಶಾಂತಿಯಲ್ಲ. ಅಂಥವರು ಮೊದಲು ಸುರಕ್ಷಿತ ಜಾಗ ಸೇರಬೇಕು; ಧರ್ಮಕೇಂದ್ರದ ಗುರುಗಳು, ಹಿರಿಯರು, ಬೇಕಾದರೆ ಪೊಲೀಸರು ಅವರ ಪರ ನಿಲ್ಲಬೇಕು. ತಪ್ಪು ಮಾಡಿದವನನ್ನು ಕ್ಷಮಿಸುವುದೂ, ಅವನ ಕೈಗೆ ಮತ್ತೆ ಸಿಗದಂತೆ ದೂರವಿರುವುದೂ ಒಟ್ಟಿಗೆ ಇರಬಲ್ಲವು.

ಹಾಗೆಯೇ, ಪ್ರತಿ ಜಗಳದಲ್ಲೂ ಬಡವರೇ, ಹೆಣ್ಣುಮಕ್ಕಳೇ ಬಿಟ್ಟುಕೊಡಬೇಕು ಎಂಬುದೂ ಈ ಪತ್ರದ ಪಾಠವಲ್ಲ. ಇಲ್ಲಿ ನಷ್ಟ ಹೊತ್ತದ್ದು ಹಿರಿಯರಾದ ಪೌಲರು. ಬಿಟ್ಟುಕೊಡಬೇಕಾಗಿ ಬಂದದ್ದು ಒಡೆಯನಾದ ಫಿಲೆಮೋನ. ಮೇಲಿದ್ದವರು ಮೊದಲು ಬಗ್ಗಿದರು.

ಫಿಲೆಮೋನ ಏನು ಮಾಡಿದ?

ಪತ್ರಕ್ಕೆ ಉತ್ತರ ಬೈಬಲ್ಲಿನಲ್ಲಿ ಇಲ್ಲ. ಆದರೆ ಒಂದು ವಿಷಯ ಯೋಚಿಸಬೇಕು. ಇದು ಒಂದು ಮನೆಗೆ ಬಂದ ಕಾಗದ. ಫಿಲೆಮೋನ ಸಿಟ್ಟಿನಿಂದ ಹರಿದು ಒಲೆಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಉಳಿಯಿತು, ನಕಲಾಯಿತು, ಪವಿತ್ರ ಗ್ರಂಥದಲ್ಲಿ ಸೇರಿತು. ಆ ಮನೆಯವರು ಅದನ್ನು ಜೋಪಾನ ಮಾಡಿದರು ಎಂದರೆ, ಅದರಂತೆ ನಡೆದರು ಎಂದು ನಂಬಲು ಕಾರಣವಿದೆ.

ಕಥೋಲಿಕ ಪೂಜಾವಿಧಿಯಲ್ಲಿ ಮೂರು ವರ್ಷಕ್ಕೊಮ್ಮೆ, ಸಾಧಾರಣ ಕಾಲದ 23ನೇ ಭಾನುವಾರ ಈ ಪತ್ರದ ಭಾಗವನ್ನು ಓದುತ್ತಾರೆ. 2025ರಲ್ಲಿ ಅದು ಸೆಪ್ಟೆಂಬರ್ 7ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದ ಹಿಂದಿನ ದಿನವೇ ಬಂದಿತ್ತು. ಹಬ್ಬದ ಸಡಗರದಲ್ಲಿ ಇಂಥ ಚಿಕ್ಕ ಓದು ಕಿವಿಗೆ ಬೀಳದೆ ಹೋಗಬಹುದು. ಪೂಜೆಯ ಪುಸ್ತಕ ಮುಚ್ಚಿದ ಮೇಲೆ ಅದನ್ನು ಮನೆಯಲ್ಲಿ ಮತ್ತೊಮ್ಮೆ ಓದುವುದು ಒಳ್ಳೆಯದು.

ಬಲಿಪೂಜೆಯಿಂದ ಮನೆಗೆ

ಬಲಿಪೂಜೆಯಲ್ಲಿ ಕರ್ತರ ಪ್ರಾರ್ಥನೆಯ ನಂತರ, ಪರಮಪ್ರಸಾದಕ್ಕೆ ಮುಂಚೆ, ಭಕ್ತರು ಒಬ್ಬರಿಗೊಬ್ಬರು ಕೈಮುಗಿದು ಶಾಂತಿ ಕೋರುತ್ತಾರೆ. ಪಕ್ಕದಲ್ಲಿ ನಿಂತ ಗುರುತಿಲ್ಲದವರಿಗೆ ಕೈಮುಗಿಯುವುದು ಸುಲಭ. ಅದೇ ಗುಡಿಯಲ್ಲಿ ಎರಡು ಸಾಲು ಹಿಂದೆ ನಿಂತ ಓರಗಿತ್ತಿಯ ಕಡೆ ತಿರುಗುವುದು ಕಷ್ಟ. ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಪೀಠದ ಬಳಿ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಯೇಸುಸ್ವಾಮಿ ಕಲಿಸಿದ್ದಾರೆ (ಮತ್ತಾಯ 5:23-24). ಕೈಮುಗಿಯುವ ಆ ಕ್ಷಣ ಈ ಬೋಧನೆಯ ನೆನಪೇ.

ಬೆಟ್ಟ ಹತ್ತುವುದು ಅನುಗ್ರಹ ಬೇಡುವುದಕ್ಕೆ. ಇಳಿಯುವುದು ಅದನ್ನು ಖರ್ಚು ಮಾಡುವುದಕ್ಕೆ. ಗಂಟಿನಲ್ಲಿ ಕಟ್ಟಿಟ್ಟ ವರಪ್ರಸಾದದಿಂದ ಯಾರ ಹೊಟ್ಟೆಯೂ ತುಂಬದು. ಅದು ಒಂದು ಮನೆಯ ಬಾಗಿಲು ತಟ್ಟಿದಾಗ, ಒಂದು ಬಾಕಿ ಹೊಡೆದುಹಾಕಿದಾಗ, ಒಂದು ಲೋಟ ಬದಲಾದಾಗ ಶಾಂತಿಯಾಗುತ್ತದೆ.

ಚಿಂತನೆಗೆ ಪ್ರಶ್ನೆಗಳು (ಮನೆಯವರೆಲ್ಲ ಕೂತು ಮಾತಾಡಲು)

1. ಈ ಮನೆಯ ಮುಂಬಾಗಿಲಿಂದ ಬರಲು ಹಿಂಜರಿಯುವವರು ಯಾರು? ಅದಕ್ಕೆ ಕಾರಣವೇನು?

2. ಮನೆಯಲ್ಲಿ ಯಾವ ಹಳೆಯ ಲೆಕ್ಕ ಇನ್ನೂ ಮುಗಿದಿಲ್ಲ? ಅದನ್ನು ತನ್ನ ಹೆಸರಿಗೆ ಬರೆದುಕೊಳ್ಳಬಲ್ಲವರು ಯಾರು?

3. ಯಾರ ಪರವಾಗಿ ಇಂದು ಒಬ್ಬ ಪೌಲ ಬೇಕಾಗಿದ್ದಾನೆ? ಅವರ ಜೊತೆ ನಡೆದು ಹೋಗಬಲ್ಲ ತುಖಿಕ ಯಾರು?

4. 'ಶಾಂತಿ' ಎಂದು ಕರೆಯುತ್ತಿರುವುದು ನಿಜವಾಗಿ ಯಾರದಾದರೂ ಭಯವೇ?

ಸಂಕಲ್ಪ

ಬೆಟ್ಟ ಇಳಿಯುವ ಮುಂಚೆ ಒಂದು ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹತ್ತು ಹೆಸರು ಬೇಡ, ಒಂದು ಸಾಕು. ಏಳು ದಿನ ಆ ಹೆಸರಿಗಾಗಿ ಒಂದೊಂದು ನಮೋ ಮರಿಯಾ ಜಪಿಸಬೇಕು. ಎಂಟನೆಯ ದಿನದೊಳಗೆ ಒಂದು ಫೋನು, ಒಂದು ಕಾಗದ, ಇಲ್ಲವೇ ಒಂದು ಭೇಟಿ. ಒಬ್ಬರೇ ಹೋಗಲು ಧೈರ್ಯವಿಲ್ಲದಿದ್ದರೆ ಜೊತೆಗೆ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಬಹುದು.

ಪ್ರಾರ್ಥನೆ

ದಯಾಮಯ ಪಿತನೇ, ನಮ್ಮ ಲೆಕ್ಕವನ್ನು ನಿಮ್ಮ ಪುತ್ರನ ಮೇಲೆ ಹಾಕಿಕೊಂಡು ನಮ್ಮನ್ನು ಮನೆಗೆ ಸೇರಿಸಿಕೊಂಡಿರಿ. ಹೊರಗೆ ನಿಂತವರಿಗೆ ಬಾಗಿಲು ತೆರೆಯುವ ಮನಸ್ಸು ಕೊಡಿ. ಕೊಡಬೇಕಾದವರಿಗೆ ಪ್ರಾಮಾಣಿಕತೆ, ಬರಬೇಕಾದವರಿಗೆ ಔದಾರ್ಯ, ನಡುವೆ ನಿಂತವರಿಗೆ ಧೈರ್ಯ ಕೊಡಿ. ಪೆಟ್ಟು ತಿಂದವರಿಗೆ ಆಸರೆ ಕೊಡಿ. ನಿಮ್ಮ ಅನುಗ್ರಹ ನಮ್ಮ ಕೈಯಿಂದ ಹರಿದು, ನಿಮ್ಮ ಶಾಂತಿ ನಮ್ಮ ಮನೆಗಳಲ್ಲಿ ನೆಲೆಸಲಿ. ಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.